ಆರನೆಯ ಕೋಣೆಗೆ ಹೋದ ಬಾವುಟ

ವಿಬೆಕೆ ಲುಂಡ್ಸ್‌ಗೋರ್ ಸೂಲಗಿತ್ತಿಯಾಗಬೇಕೆಂದು ನಿಶ್ಚಯಿಸಿದಾಗ ಅವಳಿಗೆ ಒಂಬತ್ತು ವರ್ಷ. ಲೆಮ್ವಿ ಎಂಬ ಊರಿನ ಮನೆಯಲ್ಲಿ ತಮ್ಮ ಹುಟ್ಟಿದ ಬೆಳಿಗ್ಗೆ, ಹೆರಿಗೆ ಮಾಡಿಸಿದ ಹೆಂಗಸು ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದು, ಮನೆಯವರೆಲ್ಲರನ್ನೂ, ಬೆಕ್ಕನ್ನೂ ಬಿಡದೆ, ಹೆಸರಿನಿಂದ ಕರೆದು ಬೀಳ್ಕೊಂಡು ಹೊರಟುಹೋಗಿದ್ದಳು. ಆ ಕೆಲಸವೇ ಬೇಕು ಎಂದು ಹುಡುಗಿ ಹಟ ಹಿಡಿದಳು. ತರಬೇತಿಗೆ ಜಾಗ ಸಿಕ್ಕಿದ್ದು ಮೂರನೆಯ ಸಲ ಅರ್ಜಿ ಹಾಕಿದಾಗ. ನಂತರ ಹದಿನಾರು ವರ್ಷ ಅವಳು ಫ್ಯೋರ್ಡ್ ಎಂಬ ಕಿರಿದಾದ ಕಡಲ ಚಾಚಿನ ದಂಡೆಯ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ದುಡಿದಳು.

ಅಲ್ಲಿ ಮಗು ಹುಟ್ಟಿದ ಮೇಲೆ ತಾಯ್ತಂದೆಯರಿಗೆ ಒಂದು ತಟ್ಟೆ ಹೋಗುತ್ತದೆ. ಸುಟ್ಟ ಬ್ರೆಡ್ಡು, ಚೀಸು, ಕಾಫಿ, ಹಣ್ಣಿನ ರಸ, ನಡುವೆ ದೇಶದ ಕೆಂಪು ಬಿಳಿಯ ಪುಟ್ಟ ಬಾವುಟ. ಹುಟ್ಟುಹಬ್ಬಕ್ಕೆ ಬಾವುಟವಿಡುವುದು ಆ ದೇಶದಲ್ಲಿ ಮನೆಮನೆಯ ರೂಢಿ; ಇದು ಮೊದಲನೆಯ ಹುಟ್ಟುಹಬ್ಬ. ತಟ್ಟೆಯನ್ನು ಸೂಲಗಿತ್ತಿಯೇ ಒಯ್ಯಬೇಕು. ವಿಬೆಕೆ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ.

ಕೆಲಸಕ್ಕೆ ಸೇರಿದ ಹದಿನೈದನೆಯ ವರ್ಷದ ಹೊತ್ತಿಗೆ ಒಬ್ಬೊಬ್ಬ ಸೂಲಗಿತ್ತಿಯ ಪಾಲಿಗೆ ಏಕಕಾಲಕ್ಕೆ ಮೂರು ಕೋಣೆಗಳು ಬರತೊಡಗಿದವು. ಪಾಳಿ ಮುಗಿಸಿ ಮನೆಯಂಗಳಕ್ಕೆ ಬಂದರೂ ಅವಳು ಅರ್ಧ ಗಂಟೆ ಕಾರಿನಲ್ಲೇ ಕೂತಿರುತ್ತಿದ್ದಳು. ಗಂಡ ಎಬ್ಬೆ ಕಿಟಕಿಯಿಂದ ನೋಡುತ್ತಿದ್ದ, ಕರೆಯುತ್ತಿರಲಿಲ್ಲ. ಶ್ರವಣಯಂತ್ರದ ಅಂಗಡಿಯೊಂದು ಅವಳಿಗೆ ಕೆಲಸ ಕೊಡಲು ಸಿದ್ಧವಿತ್ತು. ರಾಜೀನಾಮೆ ಪತ್ರವನ್ನೂ ಬರೆದು ಸಹಿ ಹಾಕಿದ್ದಳು. ಆದರೆ ತಾರೀಕು ಹಾಕಲು ಕೈ ಬಾರದೆ, ಅದು ಮೂರು ವಾರ ಆಸ್ಪತ್ರೆಯ ಅವಳ ಬೀರುವಿನಲ್ಲೇ ಉಳಿಯಿತು.

ಫೆಬ್ರವರಿಯ ಒಂದು ಮುಂಜಾನೆ ನಾಲ್ಕನೆಯ ಕೋಣೆಯಲ್ಲಿ ಹೆಣ್ಣುಮಗು ಹುಟ್ಟಿತು. ವಿಬೆಕೆ ಬ್ರೆಡ್ಡು ಸುಟ್ಟು, ಬಾವುಟ ನೆಟ್ಟು, ತಟ್ಟೆ ಹಿಡಿದು ಆರನೆಯ ಕೋಣೆಯ ಬಾಗಿಲು ತಳ್ಳಿ, "ಅಭಿನಂದನೆಗಳು!" ಎಂದಳು.

ಅಲ್ಲಿ ಸಿಸ್ಸೆಲ್ ಎಂಬಾಕೆ ಮಂಚದ ಕಂಬಿ ಹಿಡಿದು ನೋವು ತಿನ್ನುತ್ತಿದ್ದಳು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವಳ ಗಂಡ ಪಾಲೆ ದಡಬಡಿಸಿ ಎದ್ದು ಸೂಲಗಿತ್ತಿಯ ಕೈ ಕುಲುಕಿದ.

"ಥ್ಯಾಂಕ್ಸ್, ಥ್ಯಾಂಕ್ಸ್! ಅಲ್ಲ, ಯಾವಾಗ ಆಯ್ತು?"

"ಲೋ ಪೆದ್ದ, ನನಗಿನ್ನೂ ಗರ್ಭದ ಬಾಯಿ ತೆರೆದಿರೋದು ನಾಲ್ಕೇ ಸೆಂಟಿಮೀಟರ್ ಕಣೋ!" ಎಂದು ಸಿಸ್ಸೆಲ್ ನೋವಿನ ನಡುವೆಯೇ ನಕ್ಕಳು. "ಇರ್ಲಿ ಬಿಡು, ಆ ಬ್ರೆಡ್ಡು ಇಲ್ಲೇ ಇಟ್ಟು ಹೋಗಮ್ಮ. ಇವನು ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ."

ವಿಬೆಕೆ ನಗಲಿಲ್ಲ. ಮುಕ್ಕಾಲು ಗಂಟೆಯ ಹಿಂದೆ ಈ ಹೆಂಗಸನ್ನು ತಾನೇ ಪರೀಕ್ಷಿಸಿದ್ದಳು. ಈಗ ಅವಳ ಹೆಸರು ನೆನಪಿಗೆ ಬರಲಿಲ್ಲ. ನಾಲ್ಕನೆಯ ಕೋಣೆಯವಳ ಹೆಸರೂ ಬರಲಿಲ್ಲ.

ಪಾಳಿ ಮುಗಿದೊಡನೆ ಪತ್ರವನ್ನು ವಿಭಾಗದ ಮುಖ್ಯಸ್ಥೆ ಯೂಟ್ಟೆಯ ಮೇಜಿನ ಮೇಲಿಟ್ಟಳು.

"ತಾರೀಕೇ ಇಲ್ವಲ್ಲ?" ಎಂದಳು ಯೂಟ್ಟೆ.

"ನೀನೇ ಹಾಕ್ಕೋ."

"ಎದ್ದು ನಿಲ್ಲೋಕೆ ತ್ರಾಣ ಇಲ್ಲದವಳ ರಾಜೀನಾಮೆ ನಾನು ತಗೊಳಲ್ಲ ಕಣೇ. ಮೊದಲು ಡಾಕ್ಟರ ಹತ್ರ ಹೋಗು. ಕಾಗದ ನನ್ನ ಡ್ರಾಯರಲ್ಲಿರುತ್ತೆ, ಎಲ್ಲೂ ಓಡಿಹೋಗಲ್ಲ."

ವೈದ್ಯರು ಹನ್ನೊಂದು ವಾರ ರಜೆ ಬರೆದರು. ಮೊದಲ ಮೂರು ವಾರ ಅವಳು ನಿದ್ದೆ ಮಾಡಿದಳು. ಆಮೇಲೆ ಕಡಲ ದಂಡೆಯಲ್ಲಿ ನಡೆದಳು, ಎಬ್ಬೆಯ ಜೊತೆ ಕೋಳಿಗೂಡಿಗೆ ಬಣ್ಣ ಬಳಿದಳು. ಮರಳಿದಾಗ ವಾರಕ್ಕೆ ಹನ್ನೆರಡು ಗಂಟೆಯ ಕೆಲಸ, ಹೆರಿಗೆ ಮಾಡಿಸುವಂತಿಲ್ಲ. ಬೇರೆ ಸೂಲಗಿತ್ತಿಯರ ತಟ್ಟೆಗಳನ್ನು ಅಣಿಮಾಡಿ ಒಯ್ಯಬೇಕು, ಅಷ್ಟೇ.

"ಬಾವುಟದ ಮಂತ್ರಿ ಬಂದ್ರು, ದಾರಿ ಬಿಡ್ರಪ್ಪಾ," ಎಂದು ಓರಗೆಯವರು ಛೇಡಿಸಿದರು. ಅವಳೂ ನಕ್ಕಳು. ಪ್ರತಿ ಬಾಗಿಲಲ್ಲೂ ನಿಂತು ಒಳಗಿನವಳ ಹೆಸರು ಓದಿಕೊಂಡು ಹೋಗುತ್ತಿದ್ದಳು. ಒಂದು ತಿಂಗಳಲ್ಲಿ ನಲವತ್ತೊಂದು ತಟ್ಟೆ ಹೊತ್ತಳು, ಒಂದೂ ತಪ್ಪಲಿಲ್ಲ. ಕಾರಿನಲ್ಲಿ ಕೂತಿರುವುದೂ ನಿಂತಿತು. ಕೆಲಸದ ಮೇಲಿನ ಆಸೆ ಸತ್ತಿರಲಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಬಿಡುವುದು ಅದರಿಂದ ಇನ್ನಷ್ಟು ಕಷ್ಟವಾಯಿತು.

ತಿಂಗಳ ಕೊನೆಗೆ ಯೂಟ್ಟೆ ಕೇಳಿದಳು: "ಸೋಮವಾರದಿಂದ ಹೆರಿಗೆ ಮಾಡಿಸೋಕೆ ಬರ್ತೀಯಾ?"

"ಬರ್ತೀನಿ. ಆದ್ರೆ ಒಂದು ಸಲಕ್ಕೆ ಒಂದೇ ಕೋಣೆ. ಒಬ್ಬಳೇ ಹೆಂಗಸು. ಅಷ್ಟು ಮಾತು ಕೊಡ್ತೀಯಾ?"

ಯೂಟ್ಟೆ ಗೋಡೆಯ ಮೇಲಿನ ಪಾಳಿಪಟ್ಟಿಯಲ್ಲಿ ಬೆರಳಿಟ್ಟು ಹೆಸರುಗಳನ್ನು ಎಣಿಸಿದಳು.

"ಸುಳ್ಳು ಹೇಳಿ ನಿನ್ನ ಇಟ್ಕೋಬಹುದು. ಆದ್ರೆ ಹೇಳಲ್ಲ. ಒಬ್ಬಳಿಗೆ ಒಂದೇ ಕೋಣೆ ಕೊಡೋದು ನನ್ನ ಕೈಲಾಗಲ್ಲ, ವಿಬೆಕೆ."

"ಹಾಗಾದ್ರೆ ಡ್ರಾಯರ್ ತೆಗಿ."

ವಿಬೆಕೆ ತಾನೇ ತಾರೀಕು ಬರೆದಳು.

ಅವಳ ಕಡೆಯ ಪಾಳಿ ಜೂನ್ ತಿಂಗಳ ಒಂದು ಗುರುವಾರ. ಕೊನೆಯ ತಟ್ಟೆ ಆರನೆಯ ಕೋಣೆಯದಾಗಿತ್ತು. ಅವಳು ಬಾಗಿಲಿನ ಹೆಸರು ಓದಿ, ಬೆರಳಿನಿಂದ ತಟ್ಟಿ, ತಲೆ ಮಾತ್ರ ಒಳಗೆ ಹಾಕಿದಳು.

"ರಾಗ್ನ್‌ಹಿಲ್, ಇಲ್ಲಿ ಹುಟ್ಟಿದೆ ತಾನೇ?"

"ಇಪ್ಪತ್ತು ನಿಮಿಷ ಆಯ್ತು," ಎಂದಿತು ಒಳಗಿನ ದನಿ. "ಬೇಗ ಬಾ, ಹೊಟ್ಟೆ ಹಸೀತಿದೆ."

ವಿಬೆಕೆ ತಟ್ಟೆ ಹಿಡಿದು ಒಳಗೆ ಹೋದಳು.