ಗಾಡಿ ಬಿಟ್ಟು ಇಳಿಯದವರು

ಗಾಡಿಮಾಮಾನ ಎರಡೂ ಕೈಗಳನ್ನು ಒಟ್ಟಿಗೆ ನೋಡಿದವರು ಅವು ಒಬ್ಬನೇ ಮನುಷ್ಯನವು ಎಂದು ನಂಬುತ್ತಿರಲಿಲ್ಲ. ಬಲಗೈ ಮೊಳಕೈಯಿಂದ ಬೆರಳಿನವರೆಗೆ ಸುಟ್ಟ ಬದನೆಕಾಯಿಯ ಬಣ್ಣ, ಎಡಗೈ ಗೋಧಿಯ ಬಣ್ಣ. ಇಪ್ಪತ್ತು ವರ್ಷ ಕಿಟಕಿಯ ಮೇಲೆ ಬಲಗೈ ಇಟ್ಟು ಸೊಲ್ಲಾಪುರದ ಬಿಸಿಲಲ್ಲಿ ಗಾಡಿ ಓಡಿಸಿದ್ದರ ಗುರುತು ಅದು. ಯಾರಾದರೂ ಕೇಳಿದರೆ ಒಂದೊಂದೇ ಕೈ ಎತ್ತಿ ತೋರಿಸಿ, "ಇದು ಮಾಲಕರದು, ಇದು ನಂದು" ಎಂದು ನಗುತ್ತಿದ್ದರು.

ನಾನು ಅಕ್ಕಲಕೋಟ ಕಡೆಯ ಒಕ್ಕಲುತನದ ಮನೆಯವಳು. ಸೊಸೆಯಾಗಿ ಬಂದದ್ದು ಸೊಲ್ಲಾಪುರದ ವಿಜಾಪುರ ರಸ್ತೆಯ ವ್ಯಾಪಾರಸ್ಥರ ಮನೆಗೆ. ಮಾವನವರದು ಚಾದರ, ಟವೆಲ್ಲುಗಳ ಸಗಟು ವ್ಯಾಪಾರ. ವರ್ಷವಿಡೀ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಿಂದ ಟೆಂಪೊದಲ್ಲಿ ಮಾಲು ತರುತ್ತಿದ್ದ ಅವರ ಡ್ರೈವರ್ ಗಾಡಿಮಾಮಾ, ದೀಪಾವಳಿ ಮುಗಿದ ಕೂಡಲೇ ಮನೆಯ ದೊಡ್ಡ ಗಾಡಿ ಹತ್ತಿ ನಮ್ಮನ್ನೆಲ್ಲ ಕೊಂಕಣಕ್ಕೆ ಕರೆದೊಯ್ಯುತ್ತಿದ್ದರು. ಅವರ ಊರು ನನ್ನ ತವರಿನಿಂದ ಎರಡೇ ಹರದಾರಿ. ಅದು ಗೊತ್ತಾದ ದಿನದಿಂದ ನಾಲ್ಕು ಜನರ ಎದುರಿಗೆ ನಾನು ಅವರಿಗೆ "ವೈನಿ", ಅಂದರೆ ಅತ್ತಿಗೆ, ಯಾರೂ ಇಲ್ಲದಾಗ "ತಂಗೆವ್ವ". ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಆ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವವರು ಇನ್ನೊಬ್ಬರಿರಲಿಲ್ಲ. ಆ ಒಂದು ಮಾತಿಗಾಗಿ ನಾನು ನೆಪ ಮಾಡಿಕೊಂಡು ಗಾಡಿ ನಿಲ್ಲುವ ಕಡೆ ಹೋಗುತ್ತಿದ್ದೆ.

ನಾವು ಪ್ರತಿ ವರ್ಷ ಹೋಗುತ್ತಿದ್ದುದು ಒಂದೇ ಖಾಡಿಗೆ. ಸಮುದ್ರ ನೆಲದೊಳಗೆ ನಾಲಿಗೆ ಚಾಚಿದಂಥ ಜಾಗ. ಈಚೆ ದಡದಲ್ಲಿ ದೋಣಿಕಟ್ಟೆ, ಎಳನೀರಿನ ಅಂಗಡಿ, ಗಾಡಿ ನಿಲ್ಲಿಸುವ ಬಯಲು, ಇಷ್ಟೇ. ನೋಡುವಂಥದ್ದೆಲ್ಲ ಆಚೆ ದಡಕ್ಕಿತ್ತು. ಗುಡ್ಡದ ಮೇಲೆ ದೇವಿಯ ಗುಡಿ, ಅರ್ಧ ಬಿದ್ದ ಕೋಟೆ, ದೀಪಸ್ತಂಭ, ಅದರ ಕೆಳಗೆ ಉದ್ದಾನುದ್ದ ಉಸುಕು. ಸಣ್ಣ ದೋಣಿಯಲ್ಲಿ ದಾಟಲು ಹತ್ತು ನಿಮಿಷ ಸಾಕು. ಮನೆಯವರೆಲ್ಲ ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮುಂಜಾನೆ ದಾಟಿದರೆ ಬರುವುದು ಹೊತ್ತು ಇಳಿದ ಮೇಲೆ.

ಮೊದಲ ವರ್ಷ ಹೊರಡುವ ಮುಂಚೆ ಅತ್ತೆಯವರು ಮುಟ್ಟು ಮುಂದೂಡುವ ಗುಳಿಗೆ ಕೊಟ್ಟಿದ್ದರು. ಘಾಟಿನ ತಿರುವುಗಳಲ್ಲಿ ಗುಳಿಗೆಯೂ ಉಂಡದ್ದೂ ಒಟ್ಟಿಗೇ ಹೊರಗೆ ಬಂತು. ಖಾಡಿಗೆ ಮುಟ್ಟಿದ ದಿನವೇ ನಾನು ಮುಟ್ಟಾದೆ.

"ಅಡಚಣಿ ಬಂತಲ್ಲ ಇಕಿಗೆ! ಗುಡಿಗೆ ಹೊಂಟವರ ದೋಣ್ಯಾಗ ಮೈಗೆ ಮೈ ತಾಕತದ" ಎಂದರು ಅತ್ತೆ. "ನೀ ಗಾಡ್ಯಾಗ ಕೂಡು. ಸಂಜಿತನಕ ಇಳೀಬ್ಯಾಡ."

ನನ್ನ ಗಂಡ ಒಳ್ಳೆಯವನೇ. ಆದರೆ ತಾಯಿ ಮಾತಾಡುವಾಗ ಅವನಿಗೆ ಎಲ್ಲಿಲ್ಲದ ಕೆಲಸ ಬರುತ್ತದೆ. ಅವತ್ತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಬಗ್ಗಿದವನು ಮೇಲೆದ್ದದ್ದು ದೋಣಿಯಲ್ಲೇ. ಗಾಜಿನೊಳಗಿಂದ ದೋಣಿ ಸಣ್ಣದಾಗುವುದನ್ನು ನೋಡುತ್ತ ಕುಳಿತೆ. ಗಾಡಿಯೊಳಗೆ ಹಂಚಿನ ಹಾಗೆ ಕಾವು. ನನಗೆ ಅಳು ಬಂದದ್ದು ಸಮುದ್ರ ತಪ್ಪಿತೆಂದಲ್ಲ. ಇಳೀಬ್ಯಾಡ ಎಂದರೆ ಇಳಿಯದೆ ಕೂಡುವವಳು ನಾನು ಎಂದು ಆ ದಿನ ತಿಳಿಯಿತು, ಅದಕ್ಕೆ.

ಮಾಮಾ ಗಾಡಿಯನ್ನು ಗಿಡದ ನೆರಳಿಗೆ ಒಯ್ದರು. ರಸ್ತೆಗೆ ಮುಖ ಮಾಡಿದ್ದನ್ನು ತಿರುಗಿಸಿ ನೀರಿಗೆ ಮುಖ ಮಾಡಿ ನಿಲ್ಲಿಸಿದರು. ನೀರಿನ ಕ್ಯಾನು ಬಾಗಿಲ ಹತ್ತಿರ ಇಟ್ಟು, ತಾವು ಎಂಟು ಮಾರು ದೂರದ ಕಲ್ಲಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತರು. ಹಾಗೇ ಬೆನ್ನು ಮಾಡಿಕೊಂಡೇ ಹೇಳಿದರು: "ತಂಗೆವ್ವಾ, ಈ ಮನಿ ಗಾಡ್ಯಾಗ ನಿನಗಿಂತ ಮುಂಚೆ ಮೂರು ಮಂದಿ ಹಿಂಗ ಕುಂತು ಹೋಗ್ಯಾರ. ಒಬ್ಬರು ನಿಮ್ಮ ಅತ್ತಿಯವರ. ಅವರು ದಿನಾಪೂರ್ತಿ ಪರದೆ ಎಳಕೊಂಡು ಕುಂತಿದ್ದರು. ನೀ ಪರದೆ ಎಳೀಬ್ಯಾಡ. ನೋಡು."

ಆಮೇಲೆ ಅವರು ಆಚೆ ದಡವನ್ನು ತೋರಿಸತೊಡಗಿದರು. ಗುಡಿಯ ಮೆಟ್ಟಿಲು ಎಲ್ಲಿ ತಿರುಗುತ್ತವೆ, ಕೋಟೆಯೊಳಗಿನ ಸಿಹಿನೀರಿನ ಬಾವಿ ಎಲ್ಲಿದೆ, ಮುರುಕು ತೋಪಿನ ಬಾಯಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ, ಎಲ್ಲವೂ ಅವರಿಗೆ ಅಂಗೈಯಷ್ಟು ಗೊತ್ತಿತ್ತು.

"ಎಷ್ಟು ಸಲ ಹೋಗೀರಿ ಮಾಮಾ?"

"ಒಮ್ಮಿನೂ ಇಲ್ಲ" ಎಂದು ನಕ್ಕರು. "ಹೋಗಿ ಬಂದವರು ಹಿಂದಿನ ಸೀಟಿನ್ಯಾಗ ಮಾತಾಡತಾರಲ್ಲ, ಅದನ್ನ ಕೂಡಿಸಿ ಇಟ್ಟೀನಿ."

ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದೇ ಕಟ್ಟೆಯ ಮೇಲೆ ಗಾಡಿ ನಿಲ್ಲಿಸಿ ಅವರು ಚಹಾ ಕುಡಿಯಲು ಹೋಗಿದ್ದರಂತೆ. ಹ್ಯಾಂಡಬ್ರೇಕು ಸಡಿಲಾಗಿ ಗಾಡಿ ಇಳಿಜಾರಿಗೆ ಉರುಳಿ, ಮುಂದಿನ ಎರಡು ಗಾಲಿ ನೀರಿಗೆ ಇಳಿದಿದ್ದವು. ಒಳಗೆ ಮಲಗಿದ್ದ ಮನೆಯ ಮುದುಕಿಯೊಬ್ಬರನ್ನು ಅಂಬಿಗರು ಹೊತ್ತು ತಂದರು. ಇನ್ನು ಹೊರಗೆ ಹೋದಾಗ ಗಾಡಿ ಬಿಟ್ಟು ಇಳಿದು ದೂರ ಹೋಗುವುದಿಲ್ಲ ಎಂದು ಅವತ್ತು ಮಾವನವರಿಗೆ ಮಾತು ಕೊಟ್ಟಿದ್ದರು. "ಗಾಡಿ, ಎತ್ತು ಎರಡೂ ಒಂದ. ಬಿಟ್ಟು ಹೋದ್ರ ತಮ್ಮ ದಾರಿ ತಾವು ಹಿಡೀತಾವ" ಎನ್ನುತ್ತಿದ್ದರು. ಮಾವನವರು ಆ ಮಾತನ್ನು ಮರೆತಿದ್ದರೋ ಏನೋ. ಇವರು ಮರೆಯಲಿಲ್ಲ.

ಎರಡನೇ ವರ್ಷ ನಾನು ಬಸುರಿ, ಬಸುರಿ ದೋಣಿ ಹತ್ತಬಾರದು. ಮೂರನೇ ವರ್ಷ ಕೂಸು ಎಳೇದು, ಕೂಸಿಗೆ ಗಾಳಿ ಆಗಬಾರದು. ನಾಲ್ಕನೇ ವರ್ಷ ಮಗಳು ಅಜ್ಜಿಯ ಸೊಂಟ ಏರಿ ಆಚೆ ಹೋದಳು, ಅವಳವ್ವ ಗುಳಿಗೆ ನುಂಗಿಯೂ ಮುಟ್ಟಾಗಿ ಈಚೆ ಉಳಿದಳು. ಮಗಳು ದೋಣಿಯಿಂದ ನನ್ನ ಕಡೆ ಕೈ ಬೀಸಿದಳು. ಊರಿಗೆ ಹೋಗುವವರು ಮನೆಯಲ್ಲಿ ಉಳಿದವರಿಗೆ ಬೀಸುವ ಹಾಗೆ ಬೀಸಿದಳು. ಈ ದಡದಲ್ಲೇ ನಾನು ಮುದುಕಿಯಾಗುತ್ತೇನೆ, ಮುಂದೊಂದು ದಿನ ನಾನೇ ಇನ್ನೊಬ್ಬಳಿಗೆ ಇಳೀಬ್ಯಾಡ ಅನ್ನುತ್ತೇನೆ ಎನ್ನಿಸಿತು.

ಅವತ್ತು ಮಾಮಾ ಕಲ್ಲಿನ ಮೇಲೆ ಕೂಡಲಿಲ್ಲ. ಆ ವರ್ಷ ಖಾಡಿಗೆ ಜಂಗಲ್ ಬಂದಿತ್ತು, ಗಾಡಿಗಳನ್ನೇ ಹೊತ್ತು ದಾಟಿಸುವ ಅಗಲವಾದ ದೋಣಿ. ಅವರು ಅದನ್ನೇ ನೋಡುತ್ತಿದ್ದರು.

"ತಂಗೆವ್ವಾ, ನಿನಗ ಅತ್ತಿಯವರು ಏನಂದಾರ?"

"ಗಾಡಿ ಬಿಟ್ಟು ಇಳೀಬ್ಯಾಡ ಅಂದಾರ."

"ನಾನೂ ಗಾಡಿ ಬಿಟ್ಟು ಇಳಿಯಂಗಿಲ್ಲ. ಇಬ್ಬರೂ ಇಳಿಯೂದು ಬ್ಯಾಡ. ಗಾಡಿನ ಹೋದ್ರ ಯಾರ ಮಾತು ಮುರೀತು?" ಎಂದು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ನೀ ಹೂಂ ಅಂದ್ರ ಮಾತ್ರ."

ನಾನು ಹೂಂ ಅಂದೆ. ಮದುವೆಯಾದ ಮೇಲೆ ಯಾರೂ ಹೇಳಿಕೊಡದೆ ಅಂದ ಮೊದಲ ಹೂಂ ಅದು.

ಜಂಗಲಿನ ಮೇಲೆ ಗಾಡಿ ನಡುಗುತ್ತಿತ್ತು. ಇಪ್ಪತ್ತು ವರ್ಷ ಘಾಟು ಇಳಿಸಿದವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ಎಡಕ್ಕೆ ನೀರು, ಬಲಕ್ಕೆ ನೀರು. ಆಚೆ ದಡದ ರಸ್ತೆ ಉಸುಕಿನ ಮಗ್ಗುಲಿಗೇ ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿದರು. ನಾನು ತಡೆಯಲಾರದೆ ಬಾಗಿಲು ತೆಗೆದು ಇಳಿದುಬಿಟ್ಟೆ. ಕೊಟ್ಟ ಮಾತು ಮುರಿದವಳು ನಾನು. ಬರಿಗಾಲಲ್ಲಿ ಓಡಿ ನೀರಿನಲ್ಲಿ ನಿಂತೆ.

"ಬರ್ರಿ ಮಾಮಾ!"

ಅವರು ಬರುವುದಿಲ್ಲವೆಂದು ತಲೆಯಾಡಿಸಿದರು; ರಸ್ತೆ ನೀರಿನ ಕಡೆಗೆ ಇಳಿಜಾರಾಗಿತ್ತು, ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ಸ್ಟೇರಿಂಗಿನ ಹಿಂದಿನಿಂದಲೇ ಕೂಗಿದರು, "ನೀರು ತಣ್ಣಗದನೋ ಬೆಚ್ಚಗದನೋ?"

"ಬೆಚ್ಚಗದ!"

"ಹಂಗಾದ್ರ ಮಂದಿ ಹೇಳಿದ್ದು ಖರೆ" ಎಂದು ಬಹಳ ಖುಷಿಪಟ್ಟರು.

ತಿರುಗಿ ಹೋಗುವಾಗ ನೀರು ಇಳಿದಿತ್ತು, ಜಂಗಲ್ ಬರಲಿಲ್ಲ. ಸಾಲಿನಲ್ಲಿ ಕಾಯುತ್ತ ಕೂತಿದ್ದಾಗ ಗುಡಿಯಿಂದ ಇಳಿದು ಬಂದ ಮನೆಯವರು ಈಚೆ ಇರಬೇಕಾದ ತಮ್ಮ ಗಾಡಿಯನ್ನು ಆಚೆ ದಡದಲ್ಲಿ ಕಂಡರು. ಮಾವನವರ ಮುಖ ಕೆಂಪಾಯಿತು.

"ಗಾಡಿ ಇಲ್ಲಿಗೆ ಹ್ಯಾಂಗ ಬಂತು? ಯಾರನ್ನ ಕೇಳಿ ತಂದಿ?"

"ಯಾರನ್ನೂ ಕೇಳಲಿಲ್ಲರಿ ಮಾಲಕ. ನನಗ ದಾಟೂ ಹುಚ್ಚು ಹತ್ತಿತ್ತು. ವೈನಿಯವರಿಗೆ ಹಿಂದ ನಿದ್ದಿ ಹತ್ತಿತ್ತರಿ, ಅವರಿಗೆ ಏನೂ ಗೊತ್ತಿಲ್ಲ."

ನಾನು ಹಿಂದಿನ ಸೀಟಿನಲ್ಲಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ. ಅತ್ತೆಯವರು ನನ್ನನ್ನು ಒಂದು ಸಲ ನೋಡಿದರು, ಕಿಟಕಿಯ ಪರದೆ ಎಳೆದರು.

ಊರಿಗೆ ಬಂದ ವಾರದೊಳಗೆ ಮಾಮಾನ ಕೆಲಸ ಹೋಯಿತು. ಕೀಲಿಕೈ ಒಪ್ಪಿಸಲು ಬಂದವರು ಅಂಗಳದಲ್ಲಿ ನಿಂತಿದ್ದ ನನಗೆ ಎರಡೂ ಕೈ ಎತ್ತಿ ತೋರಿಸಿದರು. "ಈಗ ಎರಡೂ ನನ್ನವ, ತಂಗೆವ್ವಾ."

ಅವರು ಎಂಐಡಿಸಿಯಲ್ಲಿ ಬೇರೊಬ್ಬರ ಟೆಂಪೊ ಓಡಿಸಿದರು. ಹೋದ ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ತಿಳಿದು ನಾನೊಬ್ಬಳೇ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು, ಅವರು ಏನೇನು ಮಾತಾಡುತ್ತಿದ್ದರೆಂದು ಹೇಳಿದರು. "ಒಂದ ಸಲ ಖಾಡಿ ದಾಟಿದ್ದರಂತವ್ವ. ನೀರು ಬೆಚ್ಚಗಿತ್ತು, ಬೆಚ್ಚಗಿತ್ತು ಅಂತ ಎಲ್ಲರ ಮುಂದ ಹೇಳತಿದ್ದರು."

ಮನೆಗೆ ಬಂದಾಗ ಅತ್ತೆಯವರು ಶೇಂಗಾ ಹಸನು ಮಾಡುತ್ತ ಕೂತಿದ್ದರು. ನಾನು ಎದುರಿಗೆ ಕೂತು, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅವತ್ತು ನಾ ಮಲಗಿರಲಿಲ್ಲರಿ. ನಾನ ಹೂಂ ಅಂದಿದ್ದೆ."

ಅವರ ಕೈ ನಿಲ್ಲಲಿಲ್ಲ. "ನನಗ ಗೊತ್ತದ. ಮಲಗಿದವರ ಕಾಲಿಗೆ ಉಸುಕು ಹತ್ತತದೇನು?"

"ಗೊತ್ತಿದ್ದೂ ಅವರನ್ನ ಕೆಲಸದಿಂದ ಯಾಕ ಬಿಡಿಸಿದ್ರಿ?"

"ಯಾರನ್ನರೆ ಬಿಡಸಬೇಕಾಗಿತ್ತು" ಎಂದರು ಅತ್ತೆ. ಮೊರದಲ್ಲಿನ ಕಾಳನ್ನೇ ನೋಡುತ್ತ, "ಸೊಸಿನ್ನ ಬಿಡಸಾಕ ಬರತದೇನು?" ಎಂದರು.

ನಾನು ಅಲ್ಲೇ ಕೂತೆ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಅತ್ತೆಯವರು ಅವತ್ತು ನೋಡಿದ್ದು ನನ್ನ ಕಾಲು. ಮಾಮಾನ ಕಾಲನ್ನು ಯಾರಾದರೂ ನೋಡಿದ್ದರೆ ಒಂದು ಕಾಳು ಉಸುಕೂ ಸಿಗುತ್ತಿರಲಿಲ್ಲ. ಅವರು ಗಾಡಿ ಬಿಟ್ಟು ಇಳಿದೇ ಇರಲಿಲ್ಲ.