ಶುಕ್ರವಾರ ಹಚ್ಚಿಟ್ಟ ಫೋನು

ಆ ದ್ವೀಪದಲ್ಲಿ ಶುಕ್ರವಾರದ ಬೆಳಗ್ಗೆ ಎಷ್ಟು ನಿಶ್ಶಬ್ದವೆಂದರೆ, ಬಸವೇಶ್ವರನಗರದ ನಮ್ಮ ಅಡುಗೆಮನೆಯ ಕುಕ್ಕರ್ ಫೋನಿನೊಳಗಿಂದ ಕೂಗಿದರೆ ಆ ಸದ್ದು ಅಲ್ಲಿನ ಓಣಿಗೂ ಕೇಳುತ್ತಿತ್ತು. ಎದುರುಮನೆಯ ಗೋಡೆಯ ಮೇಲೆ ಮಲಗಿದ ಬೆಕ್ಕು ಕಿವಿ ನಿಮಿರಿಸಿ ನಮ್ಮ ಕಿಟಕಿಯತ್ತ ನೋಡುತ್ತಿತ್ತು. ನಡುವೆ ಇರುವ ಸಮುದ್ರವನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಾನು ರಾಜಾಜಿನಗರದ ಒಂದು ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಮೂವತ್ತು ಚಿಲ್ಲರೆ ವರ್ಷ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ರಿಟೈರ್ ಆದ ವರ್ಷ ಹಳೆಯ ಸಹೋದ್ಯೋಗಿಯೊಬ್ಬರು, ಮಾಲ್ಡೀವ್ಸಿನ ಯಾವುದೋ ದ್ವೀಪದ ಶಾಲೆಗೆ ಪ್ರೈಮರಿ ಟೀಚರ್ ಬೇಕಂತೆ, ಎರಡು ವರ್ಷದ ಕಾಂಟ್ರ್ಯಾಕ್ಟ್ ಎಂಬ ಸುದ್ದಿ ತಂದರು. ನಾನು ನಕ್ಕುಬಿಟ್ಟೆ. ಫಾರ್ಮ್ ತುಂಬಿದವಳು ನಮ್ಮಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಉಳಿದವರು. ಅಕ್ಕ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಊರೂರಿನ ಜನರನ್ನು ಒಬ್ಬರಿಗೊಬ್ಬರು ಜೋಡಿಸುತ್ತ ಆಯುಷ್ಯ ಕಳೆದವಳು ತಾನು ಮಾತ್ರ ಮೈಸೂರು ದಾಟಿ ಹೋಗಿರಲಿಲ್ಲ.

"ನಾನು ಬರೀ ಲೈನ್ ಕೊಟ್ಟೆ ಕಣೇ. ನೀನಾದ್ರೂ ಹೋಗಿ ನೋಡ್ಕೊಂಡು ಬಾ," ಅಂದಳು.

ಹೋದೆ. ಈ ದಡದಿಂದ ಆ ದಡಕ್ಕೆ ಇಪ್ಪತ್ತು ನಿಮಿಷದ ನಡಿಗೆ, ಅಷ್ಟೇ ಊರು. ರಸ್ತೆ ಬಿಳಿ ಮರಳು, ಎತ್ತ ತಿರುಗಿದರೂ ತುದಿಯಲ್ಲಿ ನೀಲಿ. ಮನೆಯೊಂದರಲ್ಲಿ ನನಗೆ ಒಂದು ರೂಮು. ಇನ್ನೊಂದು ರೂಮಿನಲ್ಲಿ ದ್ವೀಪದ ಹೆಲ್ತ್ ಸೆಂಟರಿನ ನರ್ಸ್. ಬಾಗಲಕೋಟೆ ಕಡೆಯ ಹುಡುಗಿ, ಅವಳ ತಾಯಿ ಮತ್ತು ತಂಗಿ ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಶ್ರೀಗಂಧದ ಕಾವಲಿನಲ್ಲಿ ಮನೆ ಮಾಡಿದ್ದರು. ಮಾಗಡಿ ರೋಡಿನ ಟ್ರಾಫಿಕ್ಕನ್ನು ಬೈಯುವುದರಲ್ಲೇ ನಮ್ಮಿಬ್ಬರ ಪರಿಚಯವಾಯಿತು.

ಅಲ್ಲಿ ವಾರದ ರಜೆ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಮೊದಮೊದಲು ಬೆಳಗ್ಗೆಯೇ ಹ್ಯಾಟ್ ಹಾಕಿಕೊಂಡು ಸಮುದ್ರದ ಮುಂದೆ ಕೂತುಬಿಡುತ್ತಿದ್ದೆ. ಅಷ್ಟು ನೀರನ್ನು ನೋಡುತ್ತ ಬಾಯಿ ತೆರೆದುಕೊಂಡೇ ಇರುತ್ತಿದ್ದೆನೆಂದು ಕಾಣುತ್ತದೆ, ದಾರಿಯಲ್ಲಿ ಹೋಗುವ ನನ್ನ ಕ್ಲಾಸಿನ ಮಕ್ಕಳು ನಗುತ್ತಿದ್ದರು. ಒಂಬತ್ತಕ್ಕೆ ಬಿಸಿಲು ಏರಿದರೆ ಒಳಗೆ ಬರಬೇಕು. ಆಮೇಲೆ ಓದಲು ಹಂಬಲ. ಅಕ್ಕ ಸಾರಿನ ಪುಡಿ, ಚಟ್ನಿಪುಡಿಯ ಬಾಟಲಿಗಳಿಗೆ ಹಳೆಯ ನ್ಯೂಸ್‌ಪೇಪರ್ ಸುತ್ತಿ ಕಳಿಸಿದ್ದಳು. ಆ ಹಾಳೆಗಳ ಸುಕ್ಕು ಬಿಡಿಸಿ ಒಂದಕ್ಷರ ಬಿಡದೆ ಓದಿದೆ. ವಿಜಯನಗರದಲ್ಲಿ ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ. ನಮ್ಮ ಬಡಾವಣೆಯಲ್ಲಿ ಮಂಗಳವಾರ ನೀರು ಬರುವುದಿಲ್ಲ. ಯಾವತ್ತೋ ಕಳೆದುಹೋದ ಆ ಮಂಗಳವಾರದ ನೀರಿಗಾಗಿ ಸಮುದ್ರದ ನಡುವೆ ಕೂತು ಚಿಂತೆ ಮಾಡಿದ್ದೇನೆ. ಆಮೇಲೆ ನರ್ಸ್ ನನ್ನ ಫೋನಿನಲ್ಲೇ ಬೆಂಗಳೂರಿನ ಪೇಪರ್ ಬರುವ ಹಾಗೆ ಮಾಡಿಕೊಟ್ಟಳು. ದೇಶ ವಿದೇಶದ ಸುದ್ದಿ ದಾಟಿಸಿ, ಎಲ್ಲಿ ರಸ್ತೆ ಅಗೆದರು ಎಂಬಲ್ಲಿಗೇ ಹೋಗುತ್ತಿದ್ದೆ.

ಅಂಗೈಯಗಲದ ಒಂದು ರೇಡಿಯೋವನ್ನೂ ಅಕ್ಕ ಪೆಟ್ಟಿಗೆಗೆ ಸೇರಿಸಿದ್ದಳು. ಅದರಲ್ಲಿ ದೋಣಿಯವರಿಗೆ ಗಾಳಿ, ಅಲೆಯ ಸುದ್ದಿ ಹೇಳುತ್ತಿದ್ದರು, ನನಗೆ ಒಂದು ಮಾತೂ ತಿಳಿಯದ ಭಾಷೆಯಲ್ಲಿ. ಆದರೂ ಅದನ್ನು ಹಾಕಿಕೊಂಡು ಬಟ್ಟೆ ಮಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ರೇಡಿಯೋವನ್ನು ಬರಿಗೈಯಲ್ಲಿ ಕೂತು ಕೇಳಿದ್ದೇ ಇಲ್ಲ. ಚಳಿಗಾಲದಲ್ಲಿ ಅಮ್ಮ ಅವರೆಕಾಳು ನೆನೆಹಾಕಿ, ರೇಡಿಯೋ ನಾಟಕದ ಹೊತ್ತಿಗೆ ಸರಿಯಾಗಿ ಪಾತ್ರೆಯನ್ನು ನಡುವೆ ತಂದಿಡುತ್ತಿದ್ದಳು. ನೆಂದ ಕಾಳನ್ನು ಎರಡು ಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಜಾರುತ್ತದೆ. ಹಿತಕಿದಬೇಳೆ ಸಾರು ಬೇಕೆಂದರೆ ಅಷ್ಟೂ ಕಾಳನ್ನು ಹಾಗೆ ಒಂದೊಂದಾಗಿ ಹಿತಕಬೇಕು. ನಾಟಕ ಮುಗಿಯುವವರೆಗೆ ಯಾರೂ ಮಾತಾಡಬಾರದು, ಯಾರ ಕೈಯೂ ನಿಲ್ಲಬಾರದು, ಇದು ಅಮ್ಮನ ಕಾನೂನು. ಅಮ್ಮ ಅತ್ತ ತಿರುಗಿದ್ದೇ ತಡ, ಅಕ್ಕ ಒಂದು ಕಾಳನ್ನು ನನ್ನತ್ತ ಗುರಿಯಿಟ್ಟು ಹಿಸುಕುತ್ತಿದ್ದಳು. ಬೇಳೆ ಹಾರಿ ಬಂದು ಸರಿಯಾಗಿ ನನ್ನ ಹಣೆಗೆ ತಾಗುತ್ತಿತ್ತು. ನಾನು ಕೂಗುವ ಹಾಗಿಲ್ಲ. ಅವಳು ಮುಖದಲ್ಲಿ ಒಂದು ಗೆರೆ ಅಲುಗದಂತೆ ನಾಟಕ ಕೇಳುತ್ತಿದ್ದಳು.

ನಾನು ಹೋದ ಏಳನೇ ತಿಂಗಳಲ್ಲಿ ಅಕ್ಕನಿಗೆ ಸ್ಟ್ರೋಕ್ ಆಯಿತು.

ಹದಿನೈದು ದಿನದ ರಜೆ ಹಾಕಿ ಓಡಿ ಬಂದೆ. ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರ್ತಿ ಹೋಗಿತ್ತು. ಮೂವತ್ತು ವರ್ಷ ಬೇರೆಯವರ ಮಾತು ಸಾಗಿಸಿದವಳ ಬಾಯಿಂದ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಎಷ್ಟು ಅರ್ಥವಾಗುತ್ತಿದೆ, ಯಾರನ್ನು ಗುರುತಿಸುತ್ತಾರೆ ಎಂದು ಈಗಲೇ ಹೇಳಲಾಗದು ಅಂದರು ಡಾಕ್ಟರು. ನರ್ಸ್ ದ್ವೀಪದಿಂದಲೇ ಫೋನ್ ಮಾಡಿ ತನ್ನ ತಂಗಿಯನ್ನು ನಮ್ಮ ಮನೆಗೆ ಕಳಿಸಿದಳು. ಆ ಹುಡುಗಿ ಅಕ್ಕನ ಜೊತೆ ಇರಲು ಒಪ್ಪಿದಳು. ಆದರೂ ನಾನು ವಾಪಸ್ ಹೋಗುವುದಿಲ್ಲ ಎಂದೇ ತೀರ್ಮಾನಿಸಿದ್ದೆ. ಹೊರಡುವ ಹಿಂದಿನ ದಿನ ಹಾಸಿಗೆಯ ಅಂಚಿಗೆ ಕೂತು ಅದನ್ನೇ ಹೇಳಿದೆ. ಪಾಸ್‌ಪೋರ್ಟ್ ಹೊದಿಕೆಯ ಮೇಲಿತ್ತು. ಅಕ್ಕ ಎಡಗೈಯನ್ನು ನಿಧಾನವಾಗಿ ತಂದು ಅದನ್ನು ನನ್ನತ್ತ ತಳ್ಳಿದಳು. ನಾನು ಹಿಂದಕ್ಕಿಟ್ಟೆ. ಮತ್ತೆ ತಳ್ಳಿದಳು.

ಹೋಗು ಅಂತಿದ್ದಾಳೆ ಎಂದುಕೊಂಡು ಹೋದೆ. ವಿಮಾನ ಮೋಡದ ಮೇಲೆ ಏರಿದ ಮೇಲೆ ನೆನಪಾಯಿತು: ಅವತ್ತು ಬೆಳಗ್ಗೆ ಅದೇ ಕೈ ಗಂಜಿಯ ಬಟ್ಟಲನ್ನೂ ತಳ್ಳಿತ್ತು, ಟವೆಲನ್ನೂ ತಳ್ಳಿತ್ತು. ಅವಳು ನನ್ನನ್ನು ಕಳಿಸಿದಳೇ, ಅಥವಾ ನಾನು ಯಾರೆಂದೇ ತಿಳಿಯದ ಒಂದು ಕೈ ಎದುರಿಗೆ ಸಿಕ್ಕಿದ್ದನ್ನು ತಳ್ಳಿತೇ? ಅವಳಿಗೆ ನನ್ನ ಗುರುತು ಇಲ್ಲವಾದರೆ, ಹೋಗು ಎಂದವರು ಯಾರೂ ಇಲ್ಲ, ನಾನೇ ಬಿಟ್ಟು ಬಂದವಳು. ಆ ಪ್ರಶ್ನೆ ನನ್ನ ಜೊತೆಗೇ ದ್ವೀಪಕ್ಕೆ ಇಳಿಯಿತು.

ಶುಕ್ರವಾರ ಬೆಳಗ್ಗೆ ವೀಡಿಯೋ ಕಾಲ್ ಮಾಡುವುದೆಂದಾಯಿತು. ನಮ್ಮ ಕಾಲದವರಿಗೆ ಫೋನ್ ಎಂದರೆ ಒಂದು ಶಿಸ್ತು. ಕಾನ್ವೆಂಟಿನಲ್ಲಿ ನಮಗೆ ಟೆಲಿಫೋನ್ ಮ್ಯಾನರ್ಸ್ ಅಂತಲೇ ಒಂದು ಪಾಠವಿತ್ತು: ನೆಟ್ಟಗೆ ಕೂರಬೇಕು, ಗುಡ್ ಮಾರ್ನಿಂಗ್ ಹೇಳಬೇಕು, ಬಂದ ವಿಷಯ ಹೇಳಿ ಇಡಬೇಕು. ಅಕ್ಕನಂತೂ ಟ್ರಂಕ್ ಕಾಲ್ ನಡುವೆ ಬಂದು ಮೂರು ನಿಮಿಷ ಆಯಿತೆಂದು ಎಚ್ಚರಿಸುತ್ತಿದ್ದ ಆಪರೇಟರು. ಹಾಗಾಗಿ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೇಳಬೇಕಾದ್ದನ್ನು ಒಂದು ಕಾರ್ಡಿನಲ್ಲಿ ಬರೆದುಕೊಂಡು, ಫೋನನ್ನು ಕಿವಿಗೆ ಒತ್ತಿ, ಸಮುದ್ರ ದಾಟಬೇಕಲ್ಲ ಎಂದು ಗಟ್ಟಿಯಾಗಿ ಮಾತಾಡಿದೆ. ಮಾತ್ರೆ ತಗೊಂಡೆಯಾ, ಇಲ್ಲಿ ಮಳೆ, ಒಂದನೇ ಕ್ಲಾಸಿಗೆ ಟೆಸ್ಟ್ ಮುಗಿಯಿತು. ಎಲ್ಲ ಮುಗಿದ ಮೇಲೆ ನರ್ಸಿನ ತಂಗಿ ಸಂಕೋಚದಿಂದ ಹೇಳಿದಳು.

"ಟೀಚರ್, ಅಮ್ಮಾರಿಗೆ ನಿಮ್ಮ ಕಿವಿ ಅಷ್ಟ ಕಾಣಾಕತ್ತೈತ್ರಿ. ಮುಖ ತೋರಿಸ್ರಿ."

ಮುಖ ತೋರಿಸಿದರೂ ಹೆಚ್ಚಿನದೇನೂ ಆಗಲಿಲ್ಲ. ಕಾರ್ಡು ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಅಕ್ಕನ ಕಣ್ಣು ನನ್ನ ಮೇಲೆ ಒಮ್ಮೆ ಹಾದು ಗೋಡೆಗೆ ಹೋಗುತ್ತಿತ್ತು. ಗುರುತು ಸಿಕ್ಕಿತಾ, ನಾನು ಯಾರು ಹೇಳು ಎಂದು ಟೀಚರಂತೆ ಕೇಳಿಯೂ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಶುಕ್ರವಾರ ಬಂದರೆ ಕಾಲ್ ಮಾಡುವ ಹೊತ್ತನ್ನು ಮುಂದೂಡುತ್ತ, ಇಸ್ತ್ರಿ ಮಾಡಿದ ಸೀರೆಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದೆ.

ಅದೇ ಹೊತ್ತಿಗೆ ನಡುಮನೆಯಲ್ಲಿ ನರ್ಸಿನ ಶುಕ್ರವಾರ ಬೇರೆಯೇ ಥರ ನಡೆಯುತ್ತಿತ್ತು. ಅವಳು ಹಾಲಿನಪುಡಿ ಡಬ್ಬಕ್ಕೆ ಫೋನ್ ಒರಗಿಸಿ ಶ್ರೀಗಂಧದ ಕಾವಲಿನ ಮನೆಗೆ ಕಾಲ್ ಹಚ್ಚಿ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಳು, ಯೂನಿಫಾರ್ಮ್ ಒಗೆಯುವಳು, ಅಲ್ಲೇ ಚಾಪೆಯ ಮೇಲೆ ಒಂದು ನಿದ್ದೆಯನ್ನೂ ಮಾಡುವಳು. ಆ ಕಡೆ ಅವಳ ತಾಯಿ ರೊಟ್ಟಿ ಬಡಿಯುವ ಸದ್ದು, ನಲ್ಲಿ ನೀರು, ಯಾರೋ ಕೆಮ್ಮಿದ್ದು. ಯಾರೂ ಫೋನಿನ ಕಡೆ ನೋಡುತ್ತಿರಲಿಲ್ಲ. ಕಟ್ ಮಾಡಲು ಮರೆತಿದ್ದಾಳೆಂದು ನಾನು ಎರಡು ಸಲ ಜ್ಞಾಪಿಸಿದ್ದೆ. ಮೂರನೇ ಸಲ ಅವಳು ಎದ್ದು ಕೂತು ನನ್ನ ಕೈಯ ಕಾರ್ಡನ್ನು ನೋಡಿದಳು.

"ಮಾತಾಡಾಕ ಏನೈತ್ರಿ ಟೀಚರ್? ಮನ್ಯಾಗ ಇದ್ದಾಗ ಇಡೀ ದಿನ ಎದುರುಬದುರು ಕುಂತು ಮಾತಾಡ್ತೀರೇನು? ಹಚ್ಚಿಡ್ರಿ ಅಷ್ಟ. ನೀವು ನಿಮ್ಮ ಕೆಲಸ ಮಾಡ್ರಿ, ಅವರು ಅವರದ ಮಾಡ್ತಾರ."

ಮುಂದಿನ ಶುಕ್ರವಾರ ಕಾರ್ಡು ಬರೆಯಲಿಲ್ಲ. ಅಲ್ಲಿ ಫೋನನ್ನು ಅಡುಗೆಮನೆಯ ಊಟದ ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿದರು, ಇಲ್ಲಿ ನಾನು ಹಾಲಿನಪುಡಿ ಡಬ್ಬಕ್ಕೆ. ಮಕ್ಕಳ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ತಿದ್ದುತ್ತ ಕೂತೆ. ಮೊದಲ ಹತ್ತು ನಿಮಿಷ ಯಾರೋ ಕದ್ದು ನೋಡುತ್ತಿದ್ದಾರೆ ಎಂಬಂತೆ ಕಸಿವಿಸಿ. ಆಮೇಲೆ ಮರೆತೆ. ಮರೆತ ಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಒಗ್ಗರಣೆ ಸಿಡಿದ ಸದ್ದಿಗೆ ನನಗೆ ಸೀನು ಬಂತು. ನಮ್ಮ ಬೀದಿಗೆ ಬರುವ ಗಾಡಿಯವನು ರೆಕಾರ್ಡ್ ಮಾಡಿಟ್ಟ ದನಿಯಲ್ಲಿ ಈರುಳ್ಳಿ, ಟೊಮೇಟೊ ಎಂದು ಕೂಗುತ್ತ ಹೋದ, ನಾನು ಚೀಲಕ್ಕೆಂದು ಅರ್ಧ ಎದ್ದೇಬಿಟ್ಟೆ. ಅಲ್ಲಿನ ಕಿಟಕಿಯ ಬಿಸಿಲು ಮೇಜಿನ ಅಂಚಿನಿಂದ ಅಕ್ಕನ ಮಡಿಲಿಗೆ ನಿಧಾನವಾಗಿ ಸರಿಯುವುದನ್ನು ನಾನು ಸಾಗರದ ಈಚೆ ಕೂತು ನೋಡಿದೆ. ಬೆಂಗಳೂರಿನ ಗಡಿಯಾರ ದ್ವೀಪದ್ದಕ್ಕಿಂತ ಅರ್ಧ ಗಂಟೆ ಮುಂದೆ. ನನಗೆ ಹನ್ನೊಂದು ಆಗುವಾಗ ಅವಳಿಗೆ ಆಗಲೇ ಹನ್ನೊಂದೂವರೆ, ಊಟದ ತಟ್ಟೆ ಬರುವ ಹೊತ್ತು. ನಾನು ಅಲ್ಲಿ ಇಲ್ಲದಾಗ ನನ್ನ ಮನೆ ಹೇಗಿರುತ್ತದೆ ಎಂದು ನಾನು ಬದುಕಿನಲ್ಲಿ ಮೊದಲ ಸಲ ನೋಡುತ್ತಿದ್ದೆ. ಸತ್ತ ಮೇಲೆ ಮನುಷ್ಯರಿಗೆ ಹೀಗೆ ಕಾಣಬಹುದೇನೋ ಎಂದು ಹೆದರಿಕೆಯಾಯಿತು, ಅದರ ಹಿಂದೆಯೇ ಹೇಳಲಾರದ ಸಂತೋಷವಾಯಿತು.

ಆದರೆ ನನ್ನ ಪ್ರಶ್ನೆಗೆ ಉತ್ತರವಿರಲಿಲ್ಲ. ವಾರ ವಾರ ಅಕ್ಕ ಮೇಜಿನ ಮುಂದೆ ಕೂರುತ್ತಿದ್ದಳು, ಎಡಗೈಯಲ್ಲಿ ಮೇಜಿನ ಬಟ್ಟೆಯ ಅಂಚನ್ನು ಸುಮ್ಮನೆ ಉಜ್ಜುತ್ತಿದ್ದಳು. ಕಣ್ಣು ಫೋನಿನ ಮೇಲೆ ಬಿದ್ದಾಗಲೂ ಚೊಂಬನ್ನು ನೋಡಿದ ಹಾಗೆಯೇ ನೋಡುತ್ತಿದ್ದಳು. ನಾನೂ ಕೇಳುವುದನ್ನು ಬಿಟ್ಟೆ.

ಜನವರಿ ಬಂತು. ಒಂದು ಶುಕ್ರವಾರ ನಾನು ತಲೆ ತಗ್ಗಿಸಿ ಸ್ಪೆಲಿಂಗ್ ತಿದ್ದುತ್ತಿದ್ದಾಗ ಆ ಕಡೆ ಪಾತ್ರೆ ಇಟ್ಟ ಸದ್ದಾಯಿತು. ನೋಡಿದರೆ ನೆನೆಸಿದ ಅವರೆಕಾಳು, ನಮ್ಮಮ್ಮನ ಕಾಲದ ಅದೇ ಹಿತ್ತಾಳೆ ಪಾತ್ರೆ. ಪಕ್ಕದ ಮನೆಯವರು ಕಾಳು ತಂದುಕೊಟ್ಟು ಹೇಗೆ ಹಿತಕಬೇಕೆಂದು ತೋರಿಸಿ ಹೋಗಿದ್ದಾರೆ, ತನಗಿದು ಹೊಸದು ಎಂದು ನರ್ಸಿನ ತಂಗಿ ಹೇಳಿದಳು. ಅವಳು ಕೂತು ಹಿತಕತೊಡಗಿದಳು. ಬೇಳೆ ಅತ್ತಿತ್ತ ಜಾರಿ ನೆಲಕ್ಕೆ ಬೀಳುತ್ತಿತ್ತು. ನಾನು ಮತ್ತೆ ನೋಟ್‌ಬುಕ್ಕಿಗೆ ಬಗ್ಗಿದೆ.

ಮತ್ತೆ ತಲೆ ಎತ್ತಿದಾಗ ಪಾತ್ರೆಯಲ್ಲಿ ಮೂರನೇ ಕೈಯೊಂದಿತ್ತು. ಅಕ್ಕನ ಎಡಗೈ. ಯಾರೂ ಹೇಳಿರಲಿಲ್ಲ. ಅವಳು ಕಾಳನ್ನು ಎತ್ತಿ ಬೆರಳ ನಡುವೆ ತಿರುಗಿಸಿ, ಮೊಳಕೆಯ ತುದಿಯನ್ನು ಹುಡುಕಿ, ಹಿಸುಕಿದಳು. ಬೇಳೆ ಬಂತು, ಸಿಪ್ಪೆ ಉಳಿಯಿತು. ನಾನು ಪೆನ್ನು ಕೆಳಗಿಟ್ಟೆ. ಎಡಗೈಗೆ ಆ ಕೆಲಸ ಯಾರು ಕಲಿಸಿದರು? ಹುಡುಗಿ ಬಾಯಿ ಬಿಟ್ಟು ನೋಡುತ್ತ ಕೂತಳು. ಇನ್ನೊಂದು, ಮತ್ತೊಂದು. ನಮ್ಮ ಅಡುಗೆಮನೆಯಲ್ಲಿ ಕಾಳಿನ ಆ ಮೆತ್ತನೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಆಮೇಲೆ ಅವಳ ಕೈ ಪಾತ್ರೆಯ ಮೇಲಿಂದ ಸ್ವಲ್ಪ ಎತ್ತರಕ್ಕೆ ಬಂತು. ಬೇಳೆ ಹಾರಿ ಮೇಜಿನ ಆಚೆ ಎಲ್ಲೋ ಬಿತ್ತು. ಕೈ ತಪ್ಪಿತೆಂದು ಹುಡುಗಿ ಎತ್ತಿಕೊಳ್ಳಲು ಬಗ್ಗಿದಳು. ಎರಡನೆಯದು ಚೊಂಬಿಗೆ ಟಿಣ್ಣೆಂದು ತಾಗಿತು. ನಾನು ಫೋನಿನತ್ತ ಬಗ್ಗಿದೆ, ಆದರೂ ನಂಬಲಿಲ್ಲ, ಸೋತ ಮೈಯವರ ಕೈ ಹೀಗೆ ಅದುರುವುದುಂಟು. ಅಕ್ಕ ಮೂರನೇ ಕಾಳನ್ನು ಆರಿಸಿದಳು. ಬೆರಳನ್ನು ಚೂರು ಎಡಕ್ಕೆ ಸರಿಸಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಾನು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡೆ. ನಡುವಿನ ಅಷ್ಟೂ ಸಮುದ್ರ ನನಗೆ ಮರೆತುಹೋಗಿತ್ತು. ಟಪ್ಪೆಂದು ಸದ್ದಾಯಿತು. ಕಣ್ಣು ಬಿಟ್ಟರೆ ಫೋನು ಅಂಗಾತ ಬಿದ್ದಿತ್ತು, ಕಾಣುತ್ತಿದ್ದದ್ದು ನಮ್ಮ ಅಡುಗೆಮನೆಯ ಫ್ಯಾನು ಮಾತ್ರ. ಅದರಡಿಯಿಂದ ಒಂದು ನಗು ಕೇಳಿಸಿತು. ಮಾತು ಹೋದ ಗಂಟಲಿನ ಒಡಕು ನಗು, ಆದರೆ ಅವಳದೇ. ಹುಡುಗಿ, ಅಯ್ಯ ಅಮ್ಮಾರು ಟೀಚರಿಗೆ ಹೊಡದ್ರು ಎಂದು ನಗುತ್ತ ಫೋನ್ ಎತ್ತಲು ಬಂದಳು.

"ಬೇಡಮ್ಮ, ಹಾಗೇ ಇರಲಿ," ಅಂದೆ. "ನೀವಿಬ್ಬರೂ ಹಿತಕಿ. ಮಾತಾಡಬೇಡಿ."

ನೋಟ್‌ಬುಕ್ಕುಗಳನ್ನು ಪಕ್ಕಕ್ಕಿಟ್ಟೆ. ಕೈಗೆ ಕೆಲಸ ಬೇಕಲ್ಲ, ಒಗೆದ ಬಟ್ಟೆಯ ರಾಶಿಯನ್ನು ಮಡಿಲಿಗೆ ಎಳೆದುಕೊಂಡೆ. ತಿರುಗುವ ಫ್ಯಾನನ್ನು ನೋಡುತ್ತ, ಕಾಳೊಂದೊಂದೇ ಪಾತ್ರೆಗೆ ಬೀಳುವ ಸದ್ದನ್ನು ಕೇಳುತ್ತ, ಮಧ್ಯಾಹ್ನದ ನಮಾಜಿನ ಕೂಗು ಏಳುವವರೆಗೆ ಬಟ್ಟೆ ಮಡಿಸುತ್ತ ಕೂತೆ.