ಬಸಲಿಂಗವ್ವ ಕೂಗದ ಹೆಸರು

ಶನಿವಾರ ಬೇಗ ಬರಲಿ ಎಂದು ಮನೆಮಂದಿಯೆಲ್ಲ ಕಾಯುತ್ತಿದ್ದರೆ, ಅದು ಬಾರದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಬಸಲಿಂಗವ್ವ ಒಬ್ಬಳೇ. ಅವಳ ಬೇಡಿಕೆಯನ್ನು ಯಾವ ದೇವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ ಆದ ಮೇಲೆ ಶನಿವಾರವೇ ಬಂತು.

ಕುರ್ಲಾದ ಚಾಳಿನ ಒಂದೇ ಖೋಲಿಯಲ್ಲಿ ಅವರು ಐದು ಜನ. ಗಂಡ ಸಂಗಪ್ಪ ಕಾಲಬಾದೇವಿಯ ಅರಿವೆ ಅಂಗಡಿಯಲ್ಲಿ ಗುಮಾಸ್ತ. ಅತ್ತೆ ಚಂದ್ರವ್ವ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತ ಇಡೀ ಚಾಳನ್ನು ಕಾಯುವವಳು. ಮಕ್ಕಳಿಬ್ಬರಲ್ಲಿ ಕಿರಿಯ ಶಂಕ್ರೆಪ್ಪನಿಗೆ ಹತ್ತು ವರ್ಷ, ಹಿರಿಯ ದಾನಪ್ಪನಿಗೆ ಹನ್ನೆರಡು. ಈ ದಾನಪ್ಪನ ಹೆಸರನ್ನು ಅವನ ಹೆತ್ತ ತಾಯಿ ಹನ್ನೆರಡು ವರ್ಷಗಳಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದಳು. ಆ ಒಂದು ಸಲಕ್ಕೇ ಜೀವ ಬಾಯಿಗೆ ಬಂದಿತ್ತು.

ದಾನಪ್ಪ ಎಂಬುದು ಮಾವನ ಹೆಸರು. ಮಾವ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದರು. ಬಂದರಿನಲ್ಲಿ ಹಡಗು ಸಿಡಿದು ಅರ್ಧ ಮುಂಬಯಿ ನಡುಗಿದ ದಿನ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ಮಗ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಮೂರು ದಿನ ಹುಡುಕಿದರು. ಹೆಣವೂ ಸಿಗಲಿಲ್ಲ. ನಾಲ್ಕು ತಿಂಗಳ ಮೇಲೆ ಬಸಲಿಂಗವ್ವ ಗಂಡು ಹೆತ್ತಾಗ, ಹಿರಿಯರೇ ಮರಳಿ ಬಂದರೆಂದು ಅದೇ ಹೆಸರಿಟ್ಟರು.

ಹೆಸರಿಟ್ಟಿದ್ದೇನೋ ಸರಿ, ಕರೆಯುವವರು ಯಾರು? ಮಾವನ ಹೆಸರನ್ನು ಸೊಸೆ ಆಡುವ ಹಾಗಿಲ್ಲ, ಗಂಡನ ಹೆಸರನ್ನು ಹೆಂಡತಿ ಆಡುವ ಹಾಗಿಲ್ಲ, ಅಪ್ಪನ ಹೆಸರು ಹಿಡಿದು ಬೈಯಲು ಸಂಗಪ್ಪನಿಗೆ ನಾಲಗೆ ಏಳುವುದಿಲ್ಲ. ಹೀಗಾಗಿ ಅಜ್ಜಿಗೆ ಅವನು 'ನಮ್ಮಪ್ಪ', ಅಪ್ಪನಿಗೆ 'ಏ ಹುಡುಗಾ', ತಮ್ಮನಿಗೆ 'ಅಣ್ಣಾ', ತಾಯಿಗೆ 'ತಮ್ಮಾ'. ಅಷ್ಟು ಪ್ರೀತಿಯಿಂದ ಇಟ್ಟ ಹೆಸರು ಸಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು.

ಆ ಸಾಲೆಗೆ ಸೇರಿಸುವ ದಿನವೇ ಎಡವಟ್ಟಾಗಿದ್ದು. ಮಾಸ್ತರರು ಪೆನ್ನು ಹಿಡಿದು ಹುಡುಗನ ಹೆಸರೇನು ಎಂದು ಮೂರು ಸಲ ಗದರಿಸಿ ಕೇಳಿದಾಗ ಬಸಲಿಂಗವ್ವ ಸೆರಗಿನ ಮರೆಯಲ್ಲಿ ಮೆಲ್ಲಗೆ ಹೇಳಿಬಿಟ್ಟಿದ್ದಳು. ವಾರ ಕಳೆಯುವುದರೊಳಗೆ ಹುಡುಗನಿಗೆ ಟೈಫಾಯಿಡ್. ಇಪ್ಪತ್ತೊಂದು ದಿನ ಜ್ವರ ಇಳಿಯಲಿಲ್ಲ. ಚಂದ್ರವ್ವ ಕೂಗಾಡಲಿಲ್ಲ, "ಬಾಯಿ ಬಿಗಿ ಹಿಡೀಬೇಕಿತ್ತ ಬಸಲಿಂಗೀ," ಎಂದಷ್ಟೇ ಅಂದಳು. ಕೂಗಾಡಿದ್ದರೆ ವಾಸಿಯಿತ್ತು. ಆ ಮಾತು ಬಸಲಿಂಗವ್ವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಇನ್ನೊಮ್ಮೆ ಆ ಹೆಸರು ತನ್ನ ಬಾಯಿಂದ ಬಂದರೆ ಮಗ ಉಳಿಯುವುದಿಲ್ಲ ಎಂದು ಅವಳು ನಿಜವಾಗಿ ನಂಬಿದ್ದಳು.

ಇನ್ನು ಈ ಶನಿವಾರದ ವಿಷಯ. ಸಾಲೆಯ ಹುಡುಗರೆಲ್ಲ ಚೌಪಾಟಿ ಕಡೆಯ ಮತ್ಸ್ಯಾಲಯ ನೋಡಿ ಬಂದಿದ್ದರಂತೆ, ತಾವಿಬ್ಬರೇ ನೋಡಿಲ್ಲವಂತೆ. ಒಂದು ತಿಂಗಳು ಹುಡುಗರು ಅಪ್ಪನ ಜೀವ ತಿಂದರು. ಕೊನೆಗೆ ಸಂಗಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಯೋಜನೆ ಬರೆಯಲು ಕೂತ. ಶನಿವಾರ ಅಂಗಡಿ ಅರ್ಧ ದಿನ, ಆವತ್ತು ಟ್ರಾಮ್ ಸವಾರಿ ಮತ್ತು ಮೀನು. ಭಾನುವಾರ ರಾಣಿಬಾಗ್, ಆನೆ ಮತ್ತು ಹುಲಿ. ಟ್ರಾಮಿನ ಮಾಳಿಗೆಯ ಮೇಲೆಯೇ ಕೂರಬೇಕೆಂದು ದಾನಪ್ಪ ಬರೆಸಿದ. ಆನೆಗೆ ಬಾಳೆಹಣ್ಣು ಒಯ್ಯಬೇಕೆಂದು ಶಂಕ್ರ್ಯಾ ಬರೆಸಿದ.

ಚಂದ್ರವ್ವನಿಗೆ ಇದೆಲ್ಲ ವಿಚಿತ್ರ. "ಮೀನಾ ನೋಡಾಕ ರೊಕ್ಕ ಕೊಡಬೇಕೇನು? ಬಜಾರದ ಮುಂದ ಹಾದ್ರ ಮೂಗ ಮುಚ್ಕೊಂಡು ಓಡ್ತೀವಿ ನಾವು," ಎಂದಳು. ನೀನೂ ಬಾ ಎಂದು ಮೊಮ್ಮಕ್ಕಳು ಕರೆದರೆ ತಲೆ ಅಲ್ಲಾಡಿಸಿದಳು. ಹಡಗು ಸಿಡಿದ ವರ್ಷದಿಂದ ಅವಳು ಬೋರಿಬಂದರದ ಕಡೆ ಮುಖ ಹಾಕಿರಲಿಲ್ಲ.

ಸಂಗಪ್ಪ ಹಾಳೆಯ ಮೂರನೇ ಸಾಲನ್ನು ಗಟ್ಟಿಯಾಗಿ ಓದಿದಾಗ ಬಸಲಿಂಗವ್ವನ ಕೈಯಿಂದ ಲಟ್ಟಣಿಗೆ ಜಾರಿತು. ಸಂಗಪ್ಪ ಅಂಗಡಿಯಿಂದ ನೇರ ಬೋರಿಬಂದರಕ್ಕೆ ಬರುತ್ತಾನೆ. ಬಸಲಿಂಗವ್ವ ಇಬ್ಬರು ಹುಡುಗರನ್ನು ಕರೆದುಕೊಂಡು ಲೋಕಲಿನಲ್ಲಿ ಅಲ್ಲಿಗೆ ಬರಬೇಕು.

"ನಾ ಒಬ್ಬಾಕೀನ?" ಎಂದಳು. "ನೀವs ಬಂದು ಕರಕೊಂಡು ಹೋಗ್ರಲ್ಲ."

"ನಾ ಇಲ್ಲಿತನಕ ಬಂದು ಮತ್ತ ಹೊಳ್ಳಿ ಹೋಗೂದ್ರೊಳಗ ಮೀನಾ ಮಲಗಿರ್ತಾವ," ಎಂದು ಸಂಗಪ್ಪ ನಕ್ಕ. "ಏನೈತಿ ಅದರಾಗ? ಬೋರಿಬಂದರ ಕಡೀ ಸ್ಟೇಷನ್. ಎಲ್ಲಾರೂ ಇಳೀತಾರ, ನೀವೂ ಇಳೀರಿ. ಒಳಗ ದೊಡ್ಡ ಗಡಿಯಾರ ಐತಿ, ಅದರ ಕೆಳಗ ನಾ ನಿಂತಿರ್ತೀನಿ."

ಅವನಿಗೆ ಅದು ದಿನನಿತ್ಯದ ದಾರಿ. ಹದಿನೈದು ವರ್ಷ ಮುಂಬಯಿಯಲ್ಲಿದ್ದರೂ ಬಸಲಿಂಗವ್ವ ಗಂಡನ ಬೆನ್ನು ನೋಡಿಕೊಂಡೇ ಲೋಕಲ್ ಹತ್ತಿದವಳು. ಗಾಡಿ ನಿಲ್ಲುವುದು ಚಿಟಿಕೆ ಹೊಡೆಯುವಷ್ಟು ಹೊತ್ತು. ಅಷ್ಟರಲ್ಲಿ ಒಂದು ಮಗು ಒಳಗೆ, ಒಂದು ಮಗು ಹೊರಗೆ ಉಳಿದರೆ? ಆ ವಾರವಿಡೀ ಅವಳು ಹಗಲು ಒಲೆ ಮುಂದೆ ಕೂತು ಮಕ್ಕಳನ್ನು ಕಳೆದುಕೊಳ್ಳುವ ಬಗೆಗಳನ್ನೆಲ್ಲ ಎಣಿಸಿದಳು. ರೊಟ್ಟಿ ಎರಡು ಸಲ ಸೀದು ಹೋಯಿತು.

ಹೆದರಿದವರು ಸುಮ್ಮನೆ ಕೂರುವುದಿಲ್ಲವಲ್ಲ. ಗಂಡ ಅಂಗಡಿಯಿಂದ ತಂದ ಕೆಂಪು ಚೌಕಳಿ ತುಂಡಿನಲ್ಲಿ ಇಬ್ಬರಿಗೂ ಅಂಗಿ ಹೊಲಿಸಿದಳು, ದೂರದಿಂದ ಕಣ್ಣಿಗೆ ಬೀಳಲಿ ಎಂದು. ಚಡ್ಡಿಯ ಕಿಸೆಯಲ್ಲಿ ಚಾಳಿನ ವಿಳಾಸ ಬರೆದ ಚೀಟಿ ಇಟ್ಟು ಕಿಸೆಯ ಬಾಯನ್ನೇ ಹೊಲಿದುಬಿಟ್ಟಳು. ಸೆರಗಿನ ತುದಿಯನ್ನು ಇಬ್ಬರ ಮಣಿಕಟ್ಟಿಗೂ ಕಟ್ಟುವ ಆಲೋಚನೆಯೂ ಇತ್ತು.

"ನಾ ಏನು ದನಾ ಏನು?" ಎಂದು ದಾನಪ್ಪ ಸಿಡಿದ. "ಹೆಂಗಸ್ರ ಡಬ್ಬೀಗೂ ನಾ ಬರಂಗಿಲ್ಲ. ಬಾಜೂ ಗಂಡಸ್ರ ಡಬ್ಯಾಗ ಹತ್ತತೀನಿ. ನಮ್ಮ ಕ್ಲಾಸಿನವ್ರು ನೋಡಿದ್ರ ನಗ್ತಾರ."

ಹನ್ನೆರಡು ವರ್ಷದ ಹುಡುಗ. ಮೂಗಿನ ಕೆಳಗೆ ಇನ್ನೂ ಏನೂ ಇಲ್ಲ, ಮೂಗಿನ ತುದಿಯಲ್ಲಿ ಮಾತ್ರ ಗಂಡಸುತನ. ಬಸಲಿಂಗವ್ವ ಗೋಗರೆದಳು, ಗದರಿಸಿದಳು. ಕೊನೆಗೆ ಕುರ್ಲಾ ಸ್ಟೇಷನ್ನಿನಲ್ಲಿ ಗಾಡಿ ಬಂದಾಗ ಅವನು ಕೈ ಕೊಸರಿಕೊಂಡು ಪಕ್ಕದ ಡಬ್ಬಿಗೆ ಹಾರಿದ. ಅವಳು ಶಂಕ್ರ್ಯಾನನ್ನು ಎಳೆದುಕೊಂಡು ಹೆಂಗಸರ ಡಬ್ಬಿಗೆ ಏರಿದಳು.

ಆಮೇಲಿನ ಪ್ರಯಾಣವನ್ನು ಅವಳು ಪ್ರಯಾಣ ಎಂದು ಮಾಡಲೇ ಇಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ, ಕೆಂಪು ಚೌಕಳಿ ಅಂಗಿ ಇಳಿಯಿತೇ ಎಂದು ನೋಡಿದಳು. ದಾದರಿನಲ್ಲಿ ನೂರಾರು ಜನ ಇಳಿದರು. ಇಳಿದವರಲ್ಲಿ ಅವನಿರಲಿಲ್ಲ. ಭಾಯಖಳಾ ದಾಟಿತು, ಮಸ್ಜಿದ್ ದಾಟಿತು. ಇನ್ನೊಂದೇ ಸ್ಟೇಷನ್, ಇನ್ನೊಂದೇ, ಎಂದು ಶಂಕ್ರ್ಯಾನ ಕೈಯನ್ನು ಅವನು ಅಳುವಷ್ಟು ಗಟ್ಟಿಯಾಗಿ ಹಿಸುಕಿದಳು.

ಸಂಗಪ್ಪ ತನ್ನ ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಒಂದೇ ಸಂಗತಿ. ಶನಿವಾರ ಮಧ್ಯಾಹ್ನ ಅವನ ಅಂಗಡಿ ಒಂದಕ್ಕೇ ಅರ್ಧ ದಿನವಲ್ಲ, ಸ್ಟೇಷನ್ನಿನ ಸುತ್ತಲಿನ ಇಡೀ ಕೋಟೆ ಭಾಗದ ಆಫೀಸುಗಳಿಗೂ ಅರ್ಧ ದಿನ. ಬೋರಿಬಂದರದಲ್ಲಿ ಗಾಡಿ ಪೂರಾ ನಿಲ್ಲುವ ಮೊದಲೇ ಮನೆಗೆ ಹೊರಟ ಮಂದಿ ಎರಡೂ ಕಡೆಯಿಂದ ಒಳನುಗ್ಗಿತು. ಕೊಡೆ, ಡಬ್ಬಿ, ಮೊಣಕೈ. ಬಸಲಿಂಗವ್ವ ಮಗನನ್ನು ಹೊಟ್ಟೆಗೆ ಅವುಚಿಕೊಂಡು ಹೇಗೋ ಹೊರಬಿದ್ದಳು. ನೂಕಾಟದಲ್ಲಿ ಇಬ್ಬರೂ ಒಂದು ಕಂಬದ ಆಚೆ ಹೋಗಿ ನಿಂತರು.

ಪಕ್ಕದ ಡಬ್ಬಿಯ ಬಾಗಿಲಲ್ಲಿ ದಾನಪ್ಪ ಇರಲಿಲ್ಲ. ಪ್ಲಾಟ್‌ಫಾರಂ ಮೇಲೂ ಇರಲಿಲ್ಲ.

"ತಮ್ಮಾ!" ಎಂದು ಕರೆದಳು. ಸೊಸೆಯಾಗಿ ಹದಿನೈದು ವರ್ಷ ಮೆಲುದನಿಯಲ್ಲೇ ಮಾತಾಡಿದ ಗಂಟಲು, ಎಷ್ಟು ಎತ್ತಿದರೂ ಮೇಲೇಳಲಿಲ್ಲ. "ತಮ್ಮಾ! ಏ ತಮ್ಮಾ!" ಹತ್ತಿರದಲ್ಲಿ ಮೂಟೆ ಹೊತ್ತು ಹೋಗುತ್ತಿದ್ದ ನಮ್ಮ ಕಡೆಯ ಹಮಾಲನೊಬ್ಬ ತಿರುಗಿ ನೋಡಿ ಮುಂದೆ ಹೋದ. ಇದೇ ಊರು ಈ ಮನೆತನದ ಒಬ್ಬ ದಾನಪ್ಪನನ್ನು ನುಂಗಿತ್ತು. ಇದೇ ಕಡೆಗೆ ಬಂದು ಅವರು ಕಾಣೆಯಾಗಿದ್ದರು.

ಆಗ ಗಾಡಿ ಸಿಳ್ಳು ಹಾಕಿತು. ಬಂದ ದಾರಿಯಲ್ಲೇ ತಿರುಗಿ ಹೊರಡುವ ಗಾಡಿ.

"ಅವ್ವಾ, ಅಲ್ನೋಡು ಅಣ್ಣ!" ಎಂದು ಶಂಕ್ರ್ಯಾ ಕಿರುಚಿದ.

ಹೆಂಗಸರ ಡಬ್ಬಿಯ ಬಾಗಿಲಲ್ಲಿ ಕೆಂಪು ಚೌಕಳಿ ಅಂಗಿ. ದಾನಪ್ಪ ಒಂದು ಕೈಯಲ್ಲಿ ಸರಳು ಹಿಡಿದು, ಒಂದು ಕಾಲನ್ನು ಹೊರಗೆ ತೂಗಿಬಿಟ್ಟು, ಪ್ಲಾಟ್‌ಫಾರಮ್ಮಿಗೆ ಬೆನ್ನು ಮಾಡಿ ಒಳಗಿನ ಹೆಂಗಸರ ಮುಖಗಳನ್ನು ಹುಡುಕುತ್ತಿದ್ದ. ಅಂಜುಬುರುಕಿ ಅವ್ವ ಈ ನೂಕಾಟದಲ್ಲಿ ಇಳಿದಿರಲಾರಳು, ಒಳಗೇ ಸಿಕ್ಕಿಕೊಂಡಿದ್ದಾಳೆ ಎಂದು ಅವನು ಅವಳನ್ನು ಬಿಡಿಸಲು ಆ ಡಬ್ಬಿಗೆ ಏರಿದ್ದ. ಗಾಡಿ ಜಗ್ಗಿತು, ಚಲಿಸಿತು.

"ಅಣ್ಣಾ!" ಎಂದು ಶಂಕ್ರ್ಯಾ ಒದರಿದ. "ತಮ್ಮಾ!" ಎಂದು ಬಸಲಿಂಗವ್ವ ಓಡಿದಳು. ಹುಡುಗ ತಿರುಗಲಿಲ್ಲ. ಆ ಗದ್ದಲದಲ್ಲಿ ಯಾರೋ ಯಾರನ್ನೋ ತಮ್ಮಾ ಅಂದರೆ ಅವನೇಕೆ ತಿರುಗಬೇಕು? ಅವಳಿಗೂ ಗಾಡಿಗೂ ಇಪ್ಪತ್ತು ಮಾರು ದೂರ, ನಡುವೆ ಜನ. ಒಂದು ಕಾಲು ಗಾಳಿಯಲ್ಲಿ, ಮುಂದೆ ಕಂಬಗಳ ಸಾಲು. ಹೆಸರು ಅವಳ ನಾಲಗೆಯ ತುದಿಗೆ ಬಂದು ನಿಂತಿತು. ಆಡಿದರೆ ಸಾಯುತ್ತಾನೆ. ಆಡದಿದ್ದರೆ ಇದೋ, ಕಣ್ಣೆದುರಿಗೇ ಹೋಗುತ್ತಿದ್ದಾನೆ.

"ದಾನಪ್ಪಾ!"

ಆ ಕೂಗು ತನ್ನದೆಂದು ಅವಳಿಗೇ ಗೊತ್ತಾಗಲಿಲ್ಲ. ಅಷ್ಟು ಎತ್ತರದ ಸ್ಟೇಷನ್ನಿನ ಮಾಡಿಗೆ ಹೊಡೆದು ಅದು ತಿರುಗಿ ಬಂತು. ಹುಡುಗ ಗಕ್ಕನೆ ತಿರುಗಿದ. ಅವ್ವನನ್ನು ಕಂಡ. ಹಿಂದೆಮುಂದೆ ನೋಡದೆ ಜಿಗಿದ.

ಬಿದ್ದ. ಮೊಣಕಾಲೂರಿ, ಅಂಗೈಯೂರಿ, ಕಲ್ಲಿನ ಮೇಲೆ ಜಾರಿಕೊಂಡು ಹೋದ. ಗಾಡಿಯ ಕಡೆಗೆ ಉರುಳುವಷ್ಟರಲ್ಲಿ ಆ ಹಮಾಲ ಮೂಟೆ ಎಸೆದು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ. ಗಾಡಿ ಹೊರಟುಹೋಯಿತು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಬಸಲಿಂಗವ್ವ ಅದನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡಳು. ಆಡಿದ ಕೂಡಲೇ ರಕ್ತ ಬಂತಲ್ಲ!

ಹುಡುಗ ಅಳಲಿಲ್ಲ, ಬೆರಗಾಗಿ ಅವಳನ್ನೇ ನೋಡಿದ. "ಅವ್ವಾ, ನೀ ನನ್ನ ಹೆಸರು ಹಿಡದು ಕರದಿ?"

ಗಡಿಯಾರದ ಕೆಳಗೆ ಸಂಗಪ್ಪ ಸಿಕ್ಕ. ಬಿದ್ದೆ ಎಂದಷ್ಟೇ ದಾನಪ್ಪ ಹೇಳಿದ. ಟ್ರಾಮಿನ ಮಾಳಿಗೆ ಹತ್ತಿದ್ದಾಯಿತು, ಮೀನು ನೋಡಿದ್ದಾಯಿತು. ಗಾಜಿನ ಆಚೆ ಹಳದಿ, ನೀಲಿ, ಪಟ್ಟೆ ಪಟ್ಟೆಯ ಮೀನುಗಳು ತೇಲುತ್ತಿದ್ದವಂತೆ. ಬಸಲಿಂಗವ್ವ ಒಂದನ್ನೂ ಕಾಣಲಿಲ್ಲ. ಗಳಿಗೆಗೊಮ್ಮೆ ಮಗನ ಹಣೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿತ್ತು. ಟೈಫಾಯಿಡ್ ಬಂದಾಗಲೂ ಮೊದಲ ದಿನ ತಣ್ಣಗೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ಸಂಗಪ್ಪ ನಾಳೆಯ ಆನೆಗೆ ಬಾಳೆಹಣ್ಣು ತರಲು ಹೋದ, ದಾನಪ್ಪ ನೀರಿನ ಡಬ್ಬಿ ಹಿಡಿದು ಚಾಳಿನ ಮೂಲೆಯ ನಳಕ್ಕೆ ಹೋದ. ಅವನು ಕುಂಟುವುದನ್ನು ಚಂದ್ರವ್ವ ನೋಡಿದಳು.

"ಏನಾತು ನಮ್ಮಪ್ಪನ ಕಾಲಿಗೆ?"

ಬಸಲಿಂಗವ್ವ ಬಾಯಿ ತೆರೆಯುವ ಮೊದಲೇ ಶಂಕ್ರ್ಯಾ ಕಾರಿಬಿಟ್ಟ. "ಅಣ್ಣ ರೈಲಿನ್ಯಾಗ ಹೊಂಟಿದ್ದ ಆಯಿ. ಅವ್ವ ಹೆಸರು ಹಿಡದು ಒದರಿದ್ಲು ನೋಡು, ಇಡೀ ಬೋರಿಬಂದರ ಕೇಳೂವಂಗ! ಅಣ್ಣ ಜಿಗದs ಬಿಟ್ಟ."

ಅಕ್ಕಿ ಆರಿಸುತ್ತಿದ್ದ ಕೈ ಮೊರದಲ್ಲಿ ನಿಂತಿತು. ಬಸಲಿಂಗವ್ವ ಗೋಡೆ ಹಿಡಿದು ಕೂತಳು. "ತಪ್ಪಾತ್ರಿ ಅತ್ತಿ. ನನ್ನ ನಾಲಿಗಿ ಸುಡ್ಲಿ. ಅವಂಗೇನರೆ ಆದ್ರ ನಾ ಜೀವಾ ಇಡಂಗಿಲ್ಲ."

ಚಂದ್ರವ್ವ ಮೊರವನ್ನು ತೊಡೆಯ ಮೇಲೆ ಇಳಿಸಿಕೊಂಡಳು.

"ಆವತ್ತ ಹಡಗ ಸಿಡದಾಗ ಆಸ್ಪತ್ರ್ಯಾಗ ಸಾಲಕ ಮಲಗ್ಸಿದ್ರು," ಎಂದಳು. "ಎಲ್ಲಾರ ಮಾರೀಗೂ ಪಟ್ಟಿ. ಯಾರು ಯಾರಂತ ಗುರ್ತs ಹತ್ತಂಗಿಲ್ಲ. ಹೆಸರು ಹಿಡದು ಕೂಗವ್ವಾ, ಜೀವಿದ್ರ ಓ ಅಂತಾರ, ಅಂದ್ಲು ಒಬ್ಬಾಕಿ ನರ್ಸಬಾಯಿ. ನಾ ಕೂಗಲಿಲ್ಲ. 'ರೀ, ನಾನರೀ' ಅನಕೋಂತ ಆ ತುದಿಯಿಂದ ಈ ತುದಿತನಕ ಅಡ್ಡಾಡಿ ಬಂದೆ. ಯಾರ ಹೆಂಡತಿ ಯಾರನ್ನ ಕರ್ಯಾಕ ಹತ್ಯಾಳಂತ ಅವರಿಗರೆ ಹ್ಯಾಂಗ ಗೊತ್ತಾಗಬೇಕು."

ಹೊರಗೆ ನಳದಡಿ ಡಬ್ಬಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಮುದುಕಿ ಸೊಸೆಯ ಕಡೆಗೆ ತಿರುಗಿದಳು.

"ಹ್ಯಾಂಗ ಕರದಿ? ಒಮ್ಮಿ ಕರಿ, ನಾನೂ ಕೇಳ್ತೀನಿ."

ಬಸಲಿಂಗವ್ವ ಬಾಗಿಲ ಕಡೆ ತಿರುಗಿದಳು. "ದಾನಪ್ಪಾ."

"ಓ! ಬಂದೆ!" ಎಂದ ಹುಡುಗ ನಳದ ಕಡೆಯಿಂದ.

ಚಂದ್ರವ್ವ ಕಣ್ಣು ಮುಚ್ಚಿದಳು. ಮೊರದ ಅಕ್ಕಿ ಪಕ್ಕಕ್ಕೆ ಚೆಲ್ಲಿತು. "ಇನ್ನೊಮ್ಮಿ," ಎಂದಳು.

"ದಾನಪ್ಪಾ!"

ತುಂಬಿದ ಡಬ್ಬಿ ಹಿಡಿದು ಕುಂಟುತ್ತ ಬಂದ ಹುಡುಗ ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. "ಎಷ್ಟ ಸಲ ಕರೀತಿ ಅವ್ವಾ? ಒಮ್ಮಿ ಕರದ್ರ ಕೇಳಸ್ತೈತಿ ನನಗ," ಎಂದು ಸಿಡುಕಿದ.